ಮೂರು ಸನ್ಯಾಸಿ ಏಡಿಗಳ ಒಂದು ಚಳಿಗಾಲ: ನೀರಿನ ಕೊರತೆಯ ಪ್ರಕರಣ ಅಧ್ಯಯನ

2022ರ ಆಗಸ್ಟ್ 20ರಂದು ನ್ಯೂಜೆರ್ಸಿಯ ಕಡಲತೀರಕ್ಕೆ ಹೋಗಿದ್ದಾಗ, ದಡದುದ್ದಕ್ಕೂ ಮರದ ಹಲಗೆ ಹಾಸಿದ ಕಾಲುದಾರಿಯಾದ ಅಲ್ಲಿನ ಬೋರ್ಡ್‌ವಾಕಿನ ಒಂದು ಅಂಗಡಿಯಿಂದ ನಮ್ಮ ಒಂಬತ್ತು ವರ್ಷದ ಮಗಳಿಗಾಗಿ, ಖಾಲಿ ಶಂಖವನ್ನೇ ಮನೆಯಾಗಿ ಹೊತ್ತು ತಿರುಗುವ ಮೂರು ಸನ್ಯಾಸಿ ಏಡಿಗಳನ್ನು (ಹರ್ಮಿಟ್ ಕ್ರ್ಯಾಬ್) ಕೊಂಡುತಂದೆವು. ಅದೇ ವರ್ಷದ ಡಿಸೆಂಬರ್ 3ರಂದು ಅವುಗಳಲ್ಲಿ ಒಂದು ಸತ್ತಿತು. ಮರುದಿನ ಬೆಳಿಗ್ಗೆ ಇನ್ನೊಂದು ತನ್ನ ಶಂಖವನ್ನೇ ಬಿಟ್ಟು ಬೆತ್ತಲೆಯಾಗಿ ಮರಳ ಮೇಲೆ ಬಿದ್ದಿತ್ತು. ಈ ಮೂರೂವರೆ ತಿಂಗಳಲ್ಲಿ ಒಂದು ದಿನವೂ ಅವುಗಳ ನೀರಿನ ಬಟ್ಟಲು ಖಾಲಿಯಾಗಿರಲಿಲ್ಲ. ತುಂಬಿದ ಬಟ್ಟಲಿನ ಪಕ್ಕದಲ್ಲೇ ಅವು ನೀರಿಲ್ಲದೆ ಬಳಲಿದ್ದು ಹೇಗೆಂಬುದು ನಮಗೆ ತಿಳಿದದ್ದು ಆಮೇಲೆ. ಮಗಳು ದಿನವೂ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದ ಟಿಪ್ಪಣಿಗಳನ್ನು ಮುಂದಿಟ್ಟುಕೊಂಡು ನಡೆದದ್ದನ್ನು ಇಲ್ಲಿ ದಾಖಲಿಸುತ್ತಿದ್ದೇನೆ. ಇಂಥ ಏಡಿಗಳು ಈಗಾಗಲೇ ಮನೆಯಲ್ಲಿರುವವರಿಗೆ, ಚಳಿಗಾಲ ಕಾಲಿಡುವ ಮುನ್ನ ಇದು ಸಿಗಲಿ ಎಂಬುದು ನನ್ನ ಆಸೆ.

ಮಗಳು ಅವುಗಳಿಗೆ ಗುಂಡ, ಬೆಲ್ಲ, ಪುಟ್ಟಿ ಎಂದು ಹೆಸರಿಟ್ಟಿದ್ದಳು. ಮೂರೂ ಕೆರಿಬಿಯನ್ ನೆಲ ಏಡಿಗಳು; ವೈಜ್ಞಾನಿಕವಾಗಿ ಸೀನೊಬೈಟಾ ಕ್ಲಿಪಿಯೇಟಸ್ ಎಂಬ ಜಾತಿ. ಇವುಗಳ ಎಡಗಡೆಯ ದೊಡ್ಡ ಇಕ್ಕಳಗಾಲು ನೇರಳೆ ಬಣ್ಣದ್ದಾದ್ದರಿಂದ ಅಮೆರಿಕದ ಅಂಗಡಿಗಳಲ್ಲಿ ಪರ್ಪಲ್ ಪಿಂಚರ್ ಎಂದು ಕರೆಯುತ್ತಾರೆ. ಏಡಿಗಳ ಜೊತೆ ಒಂದು ತಂತಿಯ ಪಂಜರ, ಬಣ್ಣದ ಜಲ್ಲಿ, ಕಾಸಿನಗಲದ ಒಂದು ಬಟ್ಟಲು, ಅದರಲ್ಲಿ ನೆನೆಸಿಡಲು ಒಂದು ಸ್ಪಂಜು ಕೊಟ್ಟರು. ಸ್ಪಂಜು ಒದ್ದೆಯಾಗಿದ್ದರೆ ಸಾಕು, ದಿನಕ್ಕೊಮ್ಮೆ ನೀರು ಚಿಮುಕಿಸಿ ಎಂದರು. ಇದಕ್ಕಿಂತ ಹೆಚ್ಚಿನ ಆರೈಕೆ ಬೇಕಾದೀತೇ ಎಂದು ನಾವೂ ಕೇಳಲಿಲ್ಲ.

ಕೇಳದಿರಲು ನನಗೊಂದು ಕಾರಣವಿತ್ತು. ನಾನು ಹುಟ್ಟಿ ಬೆಳೆದದ್ದು ಕುಮಟಾದಲ್ಲಿ. ಇಳಿತದ ಹೊತ್ತಿನಲ್ಲಿ ಬಂಡೆಗಳ ನಡುವೆ ನಿಂತ ನೀರಿನಲ್ಲಿ, ಪುಟಾಣಿ ಶಂಖಗಳನ್ನು ಹೊತ್ತು ಓಡಾಡುವ ಸನ್ಯಾಸಿ ಏಡಿಗಳನ್ನು ಬಾಲ್ಯದಲ್ಲಿ ಎಷ್ಟೋ ಸಲ ಅಂಗೈ ಮೇಲೆ ಬಿಟ್ಟುಕೊಂಡಿದ್ದೇನೆ. ಹಾಗಾಗಿ ಇವು ನನಗೆ ಗೊತ್ತಿರುವ ಪ್ರಾಣಿಗಳೇ ಎಂದುಕೊಂಡೆ. ವಾಸ್ತವದಲ್ಲಿ ನಮ್ಮ ಕರಾವಳಿಯ ಆ ಏಡಿಗಳು ಕಡಲನೀರಿನೊಳಗೆ ಬಾಳುವಂಥವು, ಅಂಗಡಿಯಲ್ಲಿ ಸಿಕ್ಕವು ನೆಲದ ಮೇಲೆ ಬಾಳುವಂಥವು. ನೀರಿನಿಂದ ಹೊರಬರಲು ದಾರಿಯಿಲ್ಲದಿದ್ದರೆ ಇವು ಮುಳುಗಿಯೇ ಸಾಯುತ್ತವೆ. ಹಾಗೆಂದು ಇವು ಪೂರ್ತಿ ನೆಲದ ಪ್ರಾಣಿಗಳೂ ಅಲ್ಲ. ಮರಿಗಳು ಕಡಲಿನಲ್ಲೇ ಬೆಳೆಯಬೇಕು, ದೊಡ್ಡವಾದ ಮೇಲೂ ಉಸಿರಾಡುವುದು ಕಿವಿರುಗಳಿಂದಲೇ. ಗಾಳಿಗೆ ಹೊಂದಿಕೊಂಡು ಮಾರ್ಪಟ್ಟ ಆ ಕಿವಿರುಗಳು ಸದಾ ತೇವವಾಗಿದ್ದರೆ ಮಾತ್ರ ಗಾಳಿಯ ಆಮ್ಲಜನಕವನ್ನು ಹೀರಬಲ್ಲವು. ಒಣಗುತ್ತಾ ಬಂದಂತೆ ಏಡಿಗೆ ಉಸಿರು ಕಟ್ಟತೊಡಗುತ್ತದೆ. ಅದಕ್ಕಾಗಿಯೇ ಅದು ಬೆನ್ನ ಮೇಲಿನ ಶಂಖದೊಳಗೆ ಒಂದಿಷ್ಟು ನೀರನ್ನು ಯಾವಾಗಲೂ ಹೊತ್ತುಕೊಂಡಿರುತ್ತದೆ. ಮೆತ್ತಗಿನ ಹೊಟ್ಟೆಭಾಗ ಒಣಗದಂತೆ ಕಾಯುವುದೂ ಆ ನೀರೇ. ಒಣಗಾಳಿಯಲ್ಲಿ ಕಿವಿರಿನ ತೇವವೂ ಶಂಖದ ನೀರೂ ಆರುತ್ತಾ ಹೋಗುತ್ತವೆ. ಏಡಿ ಬಟ್ಟಲಿಗೆ ಹೋಗಿ ಎಷ್ಟು ಸಲ ತುಂಬಿಕೊಂಡರೂ ಆ ನಷ್ಟವನ್ನು ಸರಿದೂಗಿಸಲಾಗುವುದಿಲ್ಲ.

ಸೆಪ್ಟೆಂಬರಿನಲ್ಲಿ ತಂತಿಯ ಪಂಜರವನ್ನು ಬಿಟ್ಟು, ಜಾಲರಿ ಮುಚ್ಚಳವಿದ್ದ 10 ಗ್ಯಾಲನ್ನಿನ, ಅಂದರೆ ಸುಮಾರು 38 ಲೀಟರಿನ ಗಾಜಿನ ತೊಟ್ಟಿಗೆ ಅವುಗಳನ್ನು ಬದಲಾಯಿಸಿದೆವು. ತಳಕ್ಕೆ ಎರಡು ಅಂಗುಲ ಒಣ ಮರಳು ಹಾಕಿ, ಒಳಗೋಡೆಗೆ ಮುಳ್ಳಿನ ತೇವಾಂಶ ಮಾಪಕವೊಂದನ್ನು ಅಂಟಿಸಿದೆವು. ಗಾಳಿಯ ತೇವಾಂಶ ಶೇ. 70ರಿಂದ 85ರೊಳಗೆ ಇರಬೇಕು ಎಂದು ಆ ಹೊತ್ತಿಗೆ ಓದಿಕೊಂಡಿದ್ದೆವು, ಮಾಪಕ 75ರ ಆಸುಪಾಸಿನಲ್ಲೇ ಇತ್ತು. ಅಕ್ಟೋಬರ್ ಕೊನೆಯವರೆಗೆ ಏಡಿಗಳು ಚುರುಕಾಗಿದ್ದವು; ರಾತ್ರಿಯೆಲ್ಲ ಗಾಜನ್ನು ಕೆರೆಯುವ ಸದ್ದು ಕೇಳುತ್ತಿತ್ತು. ನವೆಂಬರಿನಲ್ಲಿ ಮನೆಯ ಹೀಟರ್ ಹಗಲಿರುಳೂ ಓಡತೊಡಗಿತು. ಏಡಿಗಳಿಗೂ ಚಳಿಯಾದೀತೆಂದು ಮುಚ್ಚಳದ ಮೇಲೆ ಒಂದು ಬಿಸಿದೀಪವನ್ನು ಇಟ್ಟೆವು.

ಟಿಪ್ಪಣಿಗಳ ಧಾಟಿ ಬದಲಾಗುವುದು ನವೆಂಬರ್ 14ರಿಂದ. ಗುಂಡ ದಿನದ ಬಹುಪಾಲನ್ನು ಬಟ್ಟಲೊಳಗೇ ಕಳೆಯುತ್ತಿತ್ತು. "ಗುಂಡನಿಗೆ ಸ್ನಾನ ಇಷ್ಟ" ಎಂದು ಮಗಳು ಬರೆದಿದ್ದಾಳೆ. ಬೆಲ್ಲ ಮುಟ್ಟಿದರೂ ಶಂಖದೊಳಗೆ ಸೆಳೆದುಕೊಳ್ಳದೆ ಅರ್ಧ ಹೊರಗೇ ಜೋತುಬೀಳುತ್ತಿತ್ತು. ಪುಟ್ಟಿ ತಿನ್ನುವುದನ್ನು ನಿಲ್ಲಿಸಿತು. ಈ ಮೂರನ್ನೂ ಒಟ್ಟಿಗಿಟ್ಟು ನೋಡಿದ್ದರೆ ಅಂದೇ ಅರ್ಥವಾಗಬೇಕಿತ್ತು. ನಾವು ಒಂದೊಂದನ್ನು ಬೇರೆಬೇರೆಯಾಗಿ ಕಂಡೆವು. ಒಂದಕ್ಕೆ ಸ್ನಾನದ ಆಸೆ, ಒಂದಕ್ಕೆ ನಿದ್ದೆ, ಒಂದಕ್ಕೆ ಹಸಿವಿಲ್ಲ ಎಂದುಕೊಂಡೆವು. ಡಿಸೆಂಬರ್ 3ರ ಸಂಜೆ ತೊಟ್ಟಿಯಿಂದ ಕೊಳೆತ ಮೀನಿನ ವಾಸನೆ ಬಂತು, ಪುಟ್ಟಿ ಸತ್ತಿತ್ತು. ಬೆಳೆಯುವಾಗ ಏಡಿ ಪೊರೆ ಕಳಚಿ ಬಿಟ್ಟ ಖಾಲಿ ಹೊದಿಕೆಯನ್ನು ಸತ್ತ ಏಡಿಯೆಂದು ತಪ್ಪಾಗಿ ತಿಳಿಯುವವರಿದ್ದಾರೆ. ಆದರೆ ಖಾಲಿ ಹೊದಿಕೆ ಹಗುರವಾಗಿ ಟೊಳ್ಳಾಗಿರುತ್ತದೆ, ಈ ವಾಸನೆ ಅದಕ್ಕಿರುವುದಿಲ್ಲ.

ಮರುದಿನ ಬೆಲ್ಲ ಶಂಖ ಬಿಟ್ಟು ಹೊರಬಂದದ್ದನ್ನು ಕಂಡು ಗಾಬರಿಯಾಗಿ, ಫ್ಲಾರಿಡಾದಲ್ಲಿ ಹಲವು ವರ್ಷಗಳಿಂದ ಇಂಥ ಏಡಿಗಳನ್ನು ಸಾಕಿರುವ ಪರಿಚಿತರೊಬ್ಬರಿಗೆ ಫೋನ್ ಮಾಡಿದೆ. ಅವರು ಮೊದಲು ಹೇಳಿದ್ದು ತುರ್ತಾಗಿ ಮಾಡಬೇಕಾದ ಕೆಲಸ. ಒಂದು ಸಣ್ಣ ಲೋಟದ ತಳದಲ್ಲಿ ಕ್ಲೋರಿನ್ ಇಲ್ಲದ, ಉಗುರುಬೆಚ್ಚಗಿನ ನೀರನ್ನು ತೆಳ್ಳಗೆ ನಿಲ್ಲಿಸಿ, ಕುದಿಸಿ ತೊಳೆದ ಎರಡು ಬಣ್ಣವಿಲ್ಲದ ಶಂಖಗಳನ್ನೂ ಏಡಿಯನ್ನೂ ಅದರಲ್ಲಿಟ್ಟು, ಬಟ್ಟೆ ಮುಚ್ಚಿ ಕತ್ತಲೆ ಮಾಡಿ, ಮತ್ತೆ ಮತ್ತೆ ಇಣುಕದೆ ಬಿಡಬೇಕು ಎಂದರು. ಕೊಂಡುತಂದ ಬಾಟಲಿಯ ಸ್ಪ್ರಿಂಗ್ ನೀರು ಮನೆಯಲ್ಲಿತ್ತು, ಅದನ್ನೇ ಬಳಸಿದೆವು. ಐದು ಗಂಟೆಯ ನಂತರ ಬಟ್ಟೆ ಸರಿಸಿದಾಗ ಬೆಲ್ಲ ಚಿಕ್ಕ ಶಂಖದೊಳಗಿತ್ತು. ಅವರ ಎರಡನೆಯ ಮಾತು ಒಂದು ಪ್ರಶ್ನೆ: ತೇವಾಂಶ ಎಷ್ಟಿದೆ? 72 ಎಂದೆ. ಆ ಮಾಪಕ ಸರಿಯಿದೆ ಎಂದು ಯಾವತ್ತಾದರೂ ಪರೀಕ್ಷಿಸಿದ್ದೀರಾ ಎಂದು ಕೇಳಿದರು. ಇಲ್ಲ.

ಪರೀಕ್ಷೆಗೆ ಬೇಕಾದದ್ದು ಅಡುಗೆಮನೆಯಲ್ಲೇ ಇದೆ. ಬಾಟಲಿ ಮುಚ್ಚಳದಷ್ಟು ಉಪ್ಪಿಗೆ ಕೆಲವೇ ಹನಿ ನೀರು ಹಾಕಿ ಗಟ್ಟಿ ಹಿಟ್ಟಿನಂತೆ ಕಲಸಬೇಕು. ಉಪ್ಪು ಪೂರ್ತಿ ಕರಗಿಬಿಡಬಾರದು. ಅದನ್ನೂ ಮಾಪಕವನ್ನೂ ಗಾಳಿಯಾಡದ ಜಿಪ್ ಚೀಲದಲ್ಲಿಟ್ಟು ರಾತ್ರಿಯೆಲ್ಲ ಬಿಟ್ಟರೆ, ಒಳಗಿನ ಗಾಳಿಯ ತೇವಾಂಶ ಶೇ. 75ಕ್ಕೆ ಬಂದು ನಿಲ್ಲುತ್ತದೆ. ಉಪ್ಪಿನ ಪರ್ಯಾಪ್ತ ದ್ರಾವಣದ, ಅಂದರೆ ಇನ್ನಷ್ಟು ಉಪ್ಪು ಕರಗಲಾರದ ನೀರಿನ ಮೇಲಿನ ಗಾಳಿ ಸಾಮಾನ್ಯ ಕೋಣೆಯ ಉಷ್ಣತೆಯಲ್ಲಿ ಹಾಗೇ ಇರುತ್ತದೆ. ಬೆಳಿಗ್ಗೆ ನಮ್ಮ ಮಾಪಕ 93 ತೋರಿಸುತ್ತಿತ್ತು. ಹದಿನೆಂಟು ಅಂಕ ಹೆಚ್ಚು. ಅಂದರೆ ನಾವು 72 ಎಂದು ನೆಮ್ಮದಿಯಿಂದ ಬರೆದುಕೊಳ್ಳುತ್ತಿದ್ದ ದಿನಗಳಲ್ಲಿ ತೊಟ್ಟಿಯ ಒಳಗಿದ್ದದ್ದು ಸುಮಾರು 54. ಆ ನೋಟ್‌ಬುಕ್ಕಿನ ಪುಟಗಳನ್ನು ಈಗ ತಿರುವಿದರೂ, ಮಗಳ ದುಂಡನೆಯ ಅಕ್ಷರದಲ್ಲಿ ಸಾಲಾಗಿ ನಿಂತ ಆ ಎಪ್ಪತ್ತೆರಡುಗಳನ್ನು ಓದಲು ನನಗೆ ಕಷ್ಟವಾಗುತ್ತದೆ.

ಚಳಿಗಾಲಕ್ಕೆ ಮುನ್ನ ಇದೇ ಮಾಪಕ, ಇದೇ ತೊಟ್ಟಿ ಹೇಗೋ ನಡೆದುಕೊಂಡು ಹೋದದ್ದು ನ್ಯೂಜೆರ್ಸಿಯ ಸೆಖೆಯ ಗಾಳಿಯಲ್ಲೇ ಸಾಕಷ್ಟು ನೀರಿದ್ದದ್ದರಿಂದ. ಚಳಿಗಾಲದ ಲೆಕ್ಕ ಬೇರೆ. ಹೊರಗೆ 0 ಡಿಗ್ರಿ ಸೆಲ್ಸಿಯಸ್ ಇದ್ದು ತೇವಾಂಶ ಶೇ. 80 ಇದ್ದರೂ, ಅದೇ ಗಾಳಿ ಮನೆಯೊಳಗೆ ಬಂದು 21 ಡಿಗ್ರಿಗೆ ಬಿಸಿಯಾದಾಗ ಅದರ ಸಾಪೇಕ್ಷ ತೇವಾಂಶ ಶೇ. 20ಕ್ಕೆ ಇಳಿಯುತ್ತದೆ. ನೀರಿನ ಆವಿ ಅಷ್ಟೇ ಇರುತ್ತದೆ, ಆದರೆ ಬಿಸಿಗಾಳಿ ಹಿಡಿದಿಡಬಲ್ಲ ಪ್ರಮಾಣ ನಾಲ್ಕು ಪಟ್ಟಾಗಿರುತ್ತದೆ. ಅದನ್ನೇ ದೀಪದಿಂದ 27 ಡಿಗ್ರಿಗೆ ಏರಿಸಿದರೆ ಶೇ. 14ರ ಹತ್ತಿರ ಬರುತ್ತದೆ. ನಮ್ಮ ತುಟಿ, ಹಿಮ್ಮಡಿ ಒಡೆಯುವುದು ಇದೇ ಗಾಳಿಗೆ. ಜಾಲರಿ ಮುಚ್ಚಳದ ಮೂಲಕ ತೊಟ್ಟಿಯ ತೇವವೆಲ್ಲ ಈ ಗಾಳಿಗೆ ಸೋರಿಹೋಗುತ್ತಿತ್ತು, ದೀಪ ಅದನ್ನು ಇನ್ನಷ್ಟು ಬೇಗ ಹೊರಡಿಸುತ್ತಿತ್ತು. ಏಡಿಗಳು ಬೆಚ್ಚಗಿರಲಿ ಎಂದು ಇಟ್ಟ ದೀಪ ಅವುಗಳ ಉಸಿರಿನ ತೇವವನ್ನೇ ಹೀರಿತು. ಫೋನಿನಲ್ಲಿ ಇದನ್ನೆಲ್ಲ ಕೇಳಿದ ಅಮ್ಮ, ಗದ್ದೆ ಬದುವಿನ ಏಡಿಗಳೂ ಮಳೆ ಬಿದ್ದ ಮೇಲಲ್ಲವೇ ಬಿಲದಿಂದ ಹೊರಗೆ ಓಡಾಡುವುದು ಎಂದರು. ಅದು ಬೇರೆ ಜಾತಿಯ ಏಡಿಯಾದರೂ, ಮಾತು ಸರಿಯೇ.

ಡಿಸೆಂಬರ್ 5ರಂದು ದೀಪವನ್ನು ತೆಗೆದು, ಜಾಲರಿಯ ಮೇಲೆ ಅಡುಗೆಮನೆಯ ಪ್ಲಾಸ್ಟಿಕ್ ಹಾಳೆಯನ್ನು ಬಿಗಿದೆವು. ವಾರದೊಳಗೆ ಅದರ ಜಾಗಕ್ಕೆ ಗಾಜಿನ ಮುಚ್ಚಳ ಬಂತು. ಶಾಖಕ್ಕಾಗಿ ತೊಟ್ಟಿಯ ಹಿಂದಿನ ಗಾಜಿಗೆ, ಮರಳಿನ ಮಟ್ಟಕ್ಕಿಂತ ಮೇಲೆ, ಹೀಟ್ ಪ್ಯಾಡ್ ಅಂಟಿಸಿದೆವು. ತಳಕ್ಕೆ ಅಂಟಿಸಿದರೆ ಮರಳೊಳಗೆ ಹುದುಗಿದ ಏಡಿ ಬೆಂದುಹೋಗುವ ಅಪಾಯವಿದೆ. ಮಾಪಕವನ್ನು ಬದಲಿಸಿ ಡಿಜಿಟಲ್ ಮಾಪಕವೊಂದನ್ನು ತಂದು, ಅದನ್ನೂ ಉಪ್ಪಿನ ಪರೀಕ್ಷೆಗೆ ಒಡ್ಡಿದ ನಂತರವೇ ಒಳಗಿಟ್ಟೆವು. ಒಣಗಿ ಬಳಲಿದ ಏಡಿಗೆ ಒಮ್ಮೆಗೇ ಹೆಚ್ಚು ತೇವ ಕೊಡಬಾರದೆಂದು ಪರಿಚಿತರು ಎಚ್ಚರಿಸಿದ್ದರಿಂದ, ಎಂಟು ದಿನಗಳಲ್ಲಿ ಸ್ವಲ್ಪಸ್ವಲ್ಪವಾಗಿ 54ರಿಂದ 80ಕ್ಕೆ ತಂದೆವು. ಮರಳನ್ನು ಪೂರ್ತಿ ಬದಲಿಸಿದೆವು. ಐದು ಪಾಲು ಮರಳಿಗೆ ಒಂದು ಪಾಲು ತೆಂಗಿನ ನಾರಿನ ಪುಡಿ, ನಮ್ಮೂರ ನರ್ಸರಿಗಳಲ್ಲಿ ಕೋಕೋಪೀಟ್ ಎನ್ನುತ್ತಾರಲ್ಲ, ಅದನ್ನು ಬೆರೆಸಿ, ಮುಷ್ಟಿಯಲ್ಲಿ ಹಿಡಿದರೆ ಉಂಡೆ ಕಟ್ಟುವಷ್ಟು ಆದರೆ ಹಿಂಡಿದರೆ ನೀರು ಜಿನುಗದಷ್ಟು ತೇವ ಮಾಡಿ, ಆರು ಅಂಗುಲ ಆಳಕ್ಕೆ ತುಂಬಿದೆವು. ಡಿಸೆಂಬರ್ 11ರ ರಾತ್ರಿ, ತಿಂಗಳ ನಂತರ ಮೊದಲ ಬಾರಿ, ಗಾಜು ಕೆರೆಯುವ ಸದ್ದು ಕೇಳಿಸಿತು.

ಬಟ್ಟಲಿನ ನೀರಿನಲ್ಲೂ ಎರಡು ತಪ್ಪುಗಳಿದ್ದವು. ನಲ್ಲಿ ನೀರನ್ನು ರಾತ್ರಿಯಿಡೀ ತೆರೆದಿಟ್ಟರೆ ಕ್ಲೋರಿನ್ ಹಾರಿಹೋಗುತ್ತದೆ ಎಂಬುದು ಬೆಂಗಳೂರಿನಲ್ಲಿ ಮೀನು ಸಾಕುತ್ತಿದ್ದ ಕಾಲದಿಂದ ರೂಢಿಯಾದ ಕ್ರಮ, ಇಲ್ಲೂ ಅದನ್ನೇ ಮಾಡುತ್ತಿದ್ದೆ. ಅಮೆರಿಕದ ಎಷ್ಟೋ ಊರುಗಳಲ್ಲಿ ನೀರಿಗೆ ಬೆರೆಸುವುದು ಕ್ಲೋರಮೈನ್. ಕ್ಲೋರಿನ್ ಮತ್ತು ಅಮೋನಿಯಾ ಕೂಡಿದ ಈ ವಸ್ತು ಹಾಗೆ ತೆರೆದಿಟ್ಟ ಮಾತ್ರಕ್ಕೆ ಹೋಗುವುದಿಲ್ಲ. ನೀರು ಸರಬರಾಜು ಮಾಡುವವರು ವರ್ಷಕ್ಕೊಮ್ಮೆ ಕೊಡುವ ಗುಣಮಟ್ಟದ ವರದಿಯಲ್ಲಿ ಯಾವುದನ್ನು ಬಳಸುತ್ತಾರೆಂದು ಬರೆದಿರುತ್ತದೆ. ನಮ್ಮಲ್ಲಿಗೆ ಬರುವುದು ಕ್ಲೋರಮೈನ್ ಬೆರೆಸಿದ ನೀರೇ ಎಂದು ಅಲ್ಲಿ ಕಂಡೆ. ಇದಕ್ಕೆ ಅಕ್ವೇರಿಯಂ ಅಂಗಡಿಯಲ್ಲಿ ಸಿಗುವ, ಕ್ಲೋರಮೈನಿಗೂ ಆಗುತ್ತದೆ ಎಂದು ಬರೆದಿರುವ ದ್ರಾವಣವನ್ನು ಹನಿ ಲೆಕ್ಕದಲ್ಲಿ ಹಾಕಬೇಕು. ಎರಡನೆಯ ತಪ್ಪು ಉಪ್ಪಿನದು. ಈ ಏಡಿಗಳಿಗೆ ಸಿಹಿನೀರು, ಕಡಲನೀರು ಎರಡೂ ಬೇಕು. ತಮ್ಮ ಮೈಯಲ್ಲಿನ, ಶಂಖದೊಳಗಿನ ನೀರಿನ ಉಪ್ಪಿನ ಹದವನ್ನು ಅವು ಕಾಯ್ದುಕೊಳ್ಳುವುದು ಎರಡರ ನಡುವೆ ತಾವೇ ಆರಿಸಿಕೊಳ್ಳುವುದರಿಂದ. ನಾವು ಅಡುಗೆಯ ಅಯೋಡಿನ್ ಉಪ್ಪನ್ನೇ ನೀರಿಗೆ ಕದಡಿ ಎರಡನೆಯ ಬಟ್ಟಲನ್ನು ತುಂಬುತ್ತಿದ್ದೆವು. ಅಡುಗೆಯ ಉಪ್ಪೆಂದರೆ ಬಹುಪಾಲು ಸೋಡಿಯಂ ಕ್ಲೋರೈಡ್ ಮಾತ್ರ, ಜೊತೆಗೆ ಗಂಟು ಕಟ್ಟದಿರಲು ಸೇರಿಸಿದ ಪದಾರ್ಥ. ಕಡಲನೀರಿನಲ್ಲಿರುವ ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ ಅದರಲ್ಲಿ ಇರುವುದಿಲ್ಲ. ಡಿಸೆಂಬರ್ 14ರಿಂದ ಕಡಲ ಅಕ್ವೇರಿಯಂಗಳಿಗೆಂದೇ ಮಾರುವ ಉಪ್ಪನ್ನು ಲೀಟರಿಗೆ ಸುಮಾರು 35 ಗ್ರಾಂನಂತೆ, ಕ್ಲೋರಮೈನ್ ತೆಗೆದ ನೀರಿಗೆ ಬೆರೆಸಿ ಇಡತೊಡಗಿದೆವು.

ಬಟ್ಟಲುಗಳ ಆಳವೂ ಬದಲಾಯಿತು. ಸ್ಪಂಜು ಕೊಳೆತು ರೋಗಾಣು ಬೆಳೆಸುವುದಕ್ಕೇ ಹೆಚ್ಚು ಉಪಯೋಗ, ಅದನ್ನು ಎಸೆದೆವು. ದೊಡ್ಡ ಏಡಿ ಶಂಖಸಹಿತ ಮುಳುಗುವಷ್ಟು ಆಳದ ಎರಡು ಡಬ್ಬಿಗಳನ್ನು ಮರಳಲ್ಲಿ ಹುಗಿದು, ಒಳಗಿನಿಂದ ಹತ್ತಿ ಬರಲು ಪ್ಲಾಸ್ಟಿಕ್ ಬಲೆಯ ಏಣಿ, ಬೆಣಚುಕಲ್ಲುಗಳನ್ನು ಇಟ್ಟೆವು. ಅಂದು ರಾತ್ರಿ ಗುಂಡ ಉಪ್ಪುನೀರಿಗೆ ಇಳಿದದ್ದನ್ನು ನಾನೂ ಮಗಳೂ ಟಾರ್ಚಿಗೆ ಕೆಂಪು ಕಾಗದ ಕಟ್ಟಿಕೊಂಡು ನೋಡಿದೆವು. ಅಂಚಿನಲ್ಲಿ ನಿಂತು ಮೊದಲು ಮೀಸೆಯ ತುದಿಯಿಂದ ನೀರನ್ನು ಮುಟ್ಟಿತು, ಹಿಂದೆ ಸರಿಯಿತು, ಮತ್ತೆ ಮುಟ್ಟಿತು. ಆಮೇಲೆ ಇಕ್ಕಳಗಾಲಿನ ತುದಿಯನ್ನು ಅದ್ದಿ, ಅಂಟಿ ಬಂದ ಹನಿಯನ್ನು ಬಾಯಿಗೆ ಒರೆಸಿಕೊಂಡಿತು. ಹೀಗೆ ಹತ್ತಾರು ಸಲ. ಕೊನೆಗೆ ಏಣಿ ಹಿಡಿದು ಹಿಂದುಹಿಂದಾಗಿ ಇಳಿದು, ಶಂಖವನ್ನು ಒಂದು ಕಡೆಗೆ ವಾಲಿಸಿತು. ಶಂಖದ ಬಾಯಿಂದ ಒಂದರ ಹಿಂದೊಂದು ಗಾಳಿಗುಳ್ಳೆಗಳು ಎದ್ದವು. ಗುಳ್ಳೆ ನಿಂತ ಮೇಲೆ, ತುಂಬಿದ ಕೊಡ ಹೊತ್ತವರು ನಡೆಯುವಂತೆ ಹುಷಾರಾಗಿ ಏಣಿ ಹತ್ತಿ ಬಂತು. ಮೂರು ತಿಂಗಳು ನಾವು ಇಟ್ಟಿದ್ದ ಕಾಸಿನಗಲದ ಬಟ್ಟಲಿನಲ್ಲಿ ಹೀಗೆ ವಾಲಿಸಿ ತುಂಬಿಕೊಳ್ಳುವುದಕ್ಕೆ ಸಾಧ್ಯವೇ ಇರಲಿಲ್ಲ.

ಶಂಖದ ವಿಚಾರವೂ ನೀರಿನ ವಿಚಾರವೇ. ಸರಿಯಾದ ಅಳತೆಯ ಶಂಖದಲ್ಲಿ ಏಡಿ ಒಳಗೆ ಸರಿದು ಆ ನೇರಳೆ ಇಕ್ಕಳಗಾಲನ್ನು ಕದದಂತೆ ಮುಚ್ಚಿಕೊಂಡರೆ ನೀರು ಬೇಗ ಆರುವುದಿಲ್ಲ. ಅಂಗಡಿಯಿಂದ ಬಂದ ಬಣ್ಣ ಬಳಿದ ಶಂಖಗಳ ಬಾಯಿ ಪುಟ್ಟಿಗೂ ಬೆಲ್ಲನಿಗೂ ದೊಡ್ಡದಾಗಿತ್ತು, ಕದ ಮುಚ್ಚಿದರೂ ಸುತ್ತ ಸಂದಿ ಉಳಿಯುತ್ತಿತ್ತು. ಹೆಚ್ಚು ಬಳಲಿದ್ದು ಅವೆರಡೇ ಎಂಬುದು ಕಾಕತಾಳೀಯವೆಂದು ನನಗೆ ಅನಿಸುವುದಿಲ್ಲ. ಬಾಯಿ ದುಂಡಗಿರುವ ಟರ್ಬೊ ಶಂಖಗಳನ್ನು ಒಂದೊಂದು ಏಡಿಗೆ ನಾಲ್ಕೈದರಂತೆ ಬೇರೆಬೇರೆ ಅಳತೆಯಲ್ಲಿ ಇಟ್ಟ ಮೇಲೆ, ಎರಡೂ ಏಡಿಗಳು ಬಣ್ಣದ ಶಂಖದತ್ತ ತಿರುಗಿ ನೋಡಲಿಲ್ಲ.

ಒಣಗಿನ ಭಯ ನಮ್ಮನ್ನು ಜನವರಿಯ ಮೊದಲ ವಾರದಲ್ಲಿ ಇನ್ನೊಂದು ತಪ್ಪಿಗೆ ತಳ್ಳಿತು. ತೇವಾಂಶ 80 ಇದ್ದರೂ ಸಮಾಧಾನವಾಗದೆ ದಿನಕ್ಕೆರಡು ಸಲ ನೀರು ಚಿಮುಕಿಸುತ್ತಿದ್ದೆ. ಗಾಜಿನ ಮೇಲೆ ಕೂತ ಹನಿಗಳೆಲ್ಲ ಇಳಿದು ಮರಳಿನ ತಳ ಸೇರುತ್ತಿದ್ದವು. ಜನವರಿ 6ರಂದು ತೊಟ್ಟಿಯ ಪಕ್ಕದಿಂದ ನೋಡಿದಾಗ ಕೆಳಗಿನ ಒಂದು ಅಂಗುಲ ಮರಳು ಕಪ್ಪಾಗಿ ಮಿನುಗುತ್ತಿತ್ತು. ಅಲ್ಲಿ ನೀರು ನಿಂತಿತ್ತು. ಪೊರೆ ಕಳಚಲು ಏಡಿ ಇಳಿಯುವುದೇ ಆ ಆಳಕ್ಕೆ. ನೀರು ನಿಂತರೆ ಅದು ಕೊರೆದುಕೊಂಡ ಗೂಡು ಕುಸಿಯುತ್ತದೆ, ಗಾಳಿಯಿಲ್ಲದ ಮರಳು ಕೊಳೆಯುತ್ತದೆ, ಮೆತ್ತಗಿನ ಮೈಯ ಏಡಿ ಅಲ್ಲೇ ಸಾಯುತ್ತದೆ. ಅದೃಷ್ಟವಶಾತ್ ಎರಡೂ ಮೇಲಿದ್ದವು. ಮರಳನ್ನೆಲ್ಲ ತೆಗೆದು ಹರಡಿ ಹದಕ್ಕೆ ತಂದು ಮತ್ತೆ ತುಂಬಿದೆವು. ಅಂದಿನಿಂದ ಚಿಮುಕಿಸುವುದನ್ನು ಪೂರ್ತಿ ಬಿಟ್ಟಿದ್ದೇವೆ. ಮುಚ್ಚಳ ಸರಿಯಾಗಿದ್ದು, ಒಂದು ಡಬ್ಬಿಯಲ್ಲಿ ಸಣ್ಣ ಏರ್ ಪಂಪು ಗುಳ್ಳೆ ಎಬ್ಬಿಸುತ್ತಿದ್ದರೆ ತೇವಾಂಶ ತಾನಾಗಿ ನಿಲ್ಲುತ್ತದೆ.

ಜನವರಿ 12ರಂದು ಗುಂಡ ಮರಳೊಳಗೆ ಇಳಿಯಿತು. ಅದಕ್ಕೂ ಹಿಂದಿನ ವಾರ ಅದರ ಮೈಬಣ್ಣ ಮಾಸಿತ್ತು, ಕಣ್ಣು ಮಂಜಾಗಿತ್ತು, ನೀರಿನ ಡಬ್ಬಿಗಳಿಗೆ ಮತ್ತೆ ಮತ್ತೆ ಹೋಗುತ್ತಿತ್ತು. ಪೊರೆ ಕಳಚುವುದೂ ನೀರಿನ ಬಲದಿಂದಲೇ ನಡೆಯುವ ಕೆಲಸ. ಏಡಿ ಮೈಯೊಳಗೆ ನೀರು ತುಂಬಿಕೊಂಡು ಉಬ್ಬಿ ಹಳೆಯ ಹೊದಿಕೆಯನ್ನು ಬಿರಿಸಬೇಕು, ಹೊಸ ಹೊದಿಕೆ ಮೆತ್ತಗಿರುವಾಗಲೇ ಉಬ್ಬಿ ಅಳತೆ ಹೆಚ್ಚಿಸಿಕೊಳ್ಳಬೇಕು, ನಂತರ ಕಳಚಿದ್ದನ್ನೇ ತಿಂದು ಕ್ಯಾಲ್ಸಿಯಂ ಮರಳಿ ಪಡೆದು ಗಟ್ಟಿಯಾಗಬೇಕು. ಒಣಮರಳಿನ ಎರಡು ಅಂಗುಲದಲ್ಲಿ ಇದು ಆಗುವ ಮಾತಲ್ಲ. ಆರು ವಾರ ಕಳೆದಾಗ ಅಗೆದು ನೋಡಬೇಕೆಂಬ ತವಕ ಮಗಳಿಗಿಂತ ನನಗೇ ಹೆಚ್ಚಾಗಿತ್ತು. ಅಗೆಯಲಿಲ್ಲ. ಕೆಟ್ಟ ವಾಸನೆ ಬರದಿರುವವರೆಗೆ ಮುಟ್ಟಬಾರದು ಎಂಬ ಪರಿಚಿತರ ಮಾತನ್ನು ಹಿಡಿದುಕೊಂಡು ಕಾದೆವು. ಮಾರ್ಚ್ 9ರಂದು, 56ನೇ ದಿನ, ಗುಂಡ ಹೊರಬಂತು. ಇಕ್ಕಳಗಾಲಿನ ನೇರಳೆ ಹಿಂದೆಂದೂ ಕಾಣದಷ್ಟು ಗಾಢವಾಗಿತ್ತು. ಬಂದದ್ದೇ ನೇರ ಉಪ್ಪುನೀರಿಗೆ ಇಳಿಯಿತು.

ಪುಟ್ಟಿಯ ಸಾವಿಗೆ ಕ್ಲೋರಮೈನ್, ಅಡುಗೆ ಉಪ್ಪು, ಅಂಗಡಿಗೆ ಬರುವ ಮುನ್ನ ಪಟ್ಟ ಬಳಲಿಕೆ ಇವೆಲ್ಲವೂ ಸೇರಿರಬಹುದು. ಆದರೂ ಒಣಗಾಳಿಯೇ ಮುಖ್ಯ ಕಾರಣವೆಂದು ನಾನು ತೀರ್ಮಾನಿಸಿದ್ದಕ್ಕೆ ದಿನಾಂಕಗಳ ಆಧಾರವಿದೆ. ಉಳಿದೆರಡು ಚೇತರಿಸಿಕೊಳ್ಳತೊಡಗಿದ್ದು ಡಿಸೆಂಬರ್ 11ರ ಹೊತ್ತಿಗೆ, ಡಬ್ಬಿಗಳ ನೀರು ಬದಲಾದದ್ದು 14ರಂದು. ಆ ನಡುವೆ ಮುಖ್ಯವಾಗಿ ಬದಲಾಗಿದ್ದದ್ದು ಗಾಳಿ ಮತ್ತು ಮರಳಿನ ತೇವ. ಇನ್ನೊಂದು ಮಾತನ್ನೂ ಇಲ್ಲೇ ಹೇಳಬೇಕು. ಮಾರಾಟಕ್ಕೆ ಬರುವ ಈ ಏಡಿಗಳು ಹೆಚ್ಚುಕಡಿಮೆ ಎಲ್ಲವೂ ಅವು ಸಹಜವಾಗಿ ಬಾಳುವ ತೀರಗಳಿಂದ ಹಿಡಿದು ತಂದವು. ಮರಿಗಳಿಗೆ ಕಡಲು ಬೇಕಾದ್ದರಿಂದ ತೊಟ್ಟಿಯಲ್ಲಿ ಸಂತಾನ ಬೆಳೆಸುವುದು ಬಹಳ ಕಷ್ಟ. ಸರಿಯಾದ ತೇವ ಸಿಕ್ಕರೆ ಮೂವತ್ತು ವರ್ಷ ಬಾಳಬಲ್ಲ ಪ್ರಾಣಿಯನ್ನು ಸ್ಪಂಜಿನ ಜೊತೆ ಪಂಜರದಲ್ಲಿಟ್ಟು ಮಾರುವುದನ್ನು ಕಂಡಾಗ ಈಗ ನನಗೆ ಸಂಕಟವಾಗುತ್ತದೆ. ನಾವು ಇನ್ನು ಕೊಳ್ಳುವುದಿಲ್ಲ. ಬೇರೆಯವರು ಸಾಕಲಾಗದೆ ಬಿಟ್ಟುಕೊಡುವ ಏಡಿ ಸಿಕ್ಕರೆ ತರುತ್ತೇವೆ, ಅದಕ್ಕಾಗಿ ಏಪ್ರಿಲಿನಲ್ಲಿ 20 ಗ್ಯಾಲನ್ನಿನ ತೊಟ್ಟಿಗೆ ಬದಲಾಯಿಸಿಕೊಂಡಿದ್ದೇವೆ.

ಮಾಪಕವನ್ನು ಈಗ ಎರಡು ತಿಂಗಳಿಗೊಮ್ಮೆ ಉಪ್ಪಿನ ಚೀಲಕ್ಕೆ ಹಾಕುತ್ತೇವೆ. ಕಳೆದ ಸಲ 74 ತೋರಿಸಿತು. ಮಗಳ ನೋಟ್‌ಬುಕ್ಕಿನಲ್ಲಿ 2023ರ ಜೂನ್ 11ರ ಸಾಲು ಹೀಗಿದೆ: "ಗಾಳಿ 81. ಮರಳು ಉಂಡೆ ಕಟ್ಟುತ್ತದೆ. ಎರಡೂ ನೀರು ಬದಲಿಸಿದೆ. ಗುಂಡ ಏಣಿಯ ಮೇಲೆ. ಬೆಲ್ಲ ಮರಳೊಳಗೆ, 9ನೇ ದಿನ."